ಬಾಲದ ಕಡೆಯಿಂದ ನೋಡಬೇಕು

ಜೂನ್ 8, ಭಾನುವಾರ

ಕಡಲೆಬೀಜದ ಡಬ್ಬಿಯಲ್ಲಿ ಮೋಟಾರು ಸಿಕ್ಕಿತು. ಚಿತ್ರಾನ್ನದ ಒಗ್ಗರಣೆಗೆ ಒಂದು ಹಿಡಿ ಬೀಜ ಎತ್ತಿ ಬಾಣಲೆಗೆ ಹಾಕುವುದರಲ್ಲಿದ್ದೆ, ಬೆರಳಿಗೆ ತಣ್ಣಗೆ ಏನೋ ತಾಗಿತು. ಕಡಲೆಬೀಜದಷ್ಟೇ ಗಾತ್ರ, ಹಿಂದೆ ಕೂದಲಿನಂಥ ಎರಡು ತಂತಿ. ಜಿರಲೆ ಎಂದುಕೊಂಡು ಕಿರುಚಿ ಹಿಡಿಯನ್ನೆಲ್ಲ ನೆಲಕ್ಕೆ ಚೆಲ್ಲಿದೆ.

“ಅಯ್ಯೋ, ಅಲ್ಲಿತ್ತಾ! ಬೆಳಗ್ಗಿಂದ ಹುಡುಕ್ತಾ ಇದೀನಿ,” ಎಂದು ಇವರು ಓಡಿ ಬಂದು ಮಂಡಿಯೂರಿದರು. “ವಿಮಾನದ್ದು ಕಣೇ.”

“ಇದು ಅಡುಗೆಮನೆ ಕಣ್ರೀ.”

ಕೇಳಿಸಿದ್ದರೆ ತಾನೇ. ಇವರ ಕೈ ನಡುಗಿ ಎಲ್ಲೋ ಸಿಡಿದದ್ದು ಡಬ್ಬಿಗೆ ಬಿದ್ದಿರಬೇಕು. ಬೀಜವನ್ನೆಲ್ಲ ಕಸಕ್ಕೆ ಸುರಿದೆ. ಚಿತ್ರಾನ್ನ ಬೀಜವಿಲ್ಲದೆ ಆಯಿತು, ಬಾಯಿಗಿಡಲು ಮನಸ್ಸಾಗಲಿಲ್ಲ.

ಇಷ್ಟು ವರ್ಷ ಇವರು ತಿರುವನಂತಪುರದ ಕ್ವಾರ್ಟರ್ಸಿನಲ್ಲಿ, ನಾನು ಎರ್ನಾಕುಲಂ ಬ್ಯಾಂಕಿನಲ್ಲಿ. ಶನಿವಾರ ರೈಲಿಳಿದು ಬಂದು ಸೋಮವಾರ ಹೋಗುವ ಗಂಡ ಎಷ್ಟು ಚೊಕ್ಕಟವಾಗಿದ್ದ! ಮಾರ್ಚಿನಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಏಳೂ ದಿನದ ಗಂಡನಾಗಿ ಎಡಪ್ಪಳ್ಳಿಯ ಈ ಫ್ಲಾಟಿಗೆ ಬಂದ ಮೇಲೆ ಊಟದ ಮೇಜು ನನ್ನದಲ್ಲ. ಅಂಗಡಿಯಿಂದ ಅಂಗೈಯಗಲದ ಥರ್ಮಾಕೋಲ್ ವಿಮಾನ ತರುವುದು, ಬ್ಲೇಡಿನಿಂದ ಅದರ ಹೊಟ್ಟೆ ಸೀಳುವುದು, ಒಳಗಿನ ಬೋರ್ಡು ಕಿತ್ತೆಸೆಯುವುದು. “ಕಂಪನಿಯವನದ್ದು ಕಸ. ನಮ್ಮದೇ ರಿಸೀವರು, ನಮ್ಮದೇ ಮೋಟಾರು ಕೂರಿಸ್ಬೇಕು.” ಕೆಳಗಡೆ ಮೀನಿನವಳೂ ಹೊಟ್ಟೆ ಸೀಳುತ್ತಾಳೆ. ಅವಳು ಕೆಲಸ ಮುಗಿದ ಮೇಲೆ ಹಲಗೆಯನ್ನಾದರೂ ತೊಳೆಯುತ್ತಾಳೆ.

ಮನೆಯೆಲ್ಲ ಬೆಸುಗೆಯ ಸುಟ್ಟ ರಾಳದ ನಾತ. ಮಳೆಗೆ ಕಿಟಕಿ ತೆರೆಯುವ ಹಾಗಿಲ್ಲ. ಬ್ಯಾಂಕಿಗೆ ಉಟ್ಟು ಹೋಗುವ ಸೀರೆಗೂ ಹತ್ತಿಕೊಂಡಿದೆ.

ಜೂನ್ 15, ಭಾನುವಾರ

ಯಾರೂ ಓದುವುದಿಲ್ಲವಲ್ಲ, ಇಲ್ಲಾದರೂ ನಿಜ ಬರೆಯುತ್ತೇನೆ. ಇವರ ಬಲಗೈ ಕಂಡರೆ ನನಗೆ ಹೇಸಿಗೆಯಾಗುತ್ತದೆ.

ಇವತ್ತು ಹುಳಿಯನ್ನ ಕಲಸಿ ತುತ್ತು ಎತ್ತಿದರು. ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಉದುರಿತು, ಉಳಿದದ್ದು ಗಲ್ಲಕ್ಕೆ ಮೆತ್ತಿತು, ರಸ ಅಂಗಿಯ ಮೇಲೆ ಇಳಿಯಿತು. ಒಂದು ಅಗುಳು ಹಾರಿ ನನ್ನ ತಟ್ಟೆಯ ಅಂಚಿಗೆ ಬಿತ್ತು. ನಾನು ತಟ್ಟೆಯನ್ನು ಈಚೆಗೆ ಎಳೆದುಕೊಂಡೆ. ಎಳೆದುಕೊಂಡದ್ದನ್ನು ಇವರು ನೋಡಿದರು. ಕೈ ಒರೆಸಿಕೊಂಡು ಚಮಚ ತೆಗೆದುಕೊಂಡರು. ಚಮಚ ಹಲ್ಲಿಗೆ ತಾಗಿ ಟಕಟಕ ಸದ್ದು. ಅದು ಇನ್ನೂ ಕೆಟ್ಟದ್ದು.

ಡಾಕ್ಟರು ಹೇಳಿದ್ದಾರೆ, ಇದು ಹೆದರುವ ಕಾಯಿಲೆ ಅಲ್ಲ, ಬರೀ ನಡುಕ, ಮಾತ್ರೆಗೆ ಅಷ್ಟಿಷ್ಟು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೆದರುವ ಕಾಯಿಲೆ ಆಗಿದ್ದರೆ ಅಯ್ಯೋ ಪಾಪ ಅನ್ನಿಸುತ್ತಿತ್ತೋ ಏನೋ. ನೀರಿನ ಲೋಟ ಕೈಗೆ ಕೊಡುವುದನ್ನು ಬಿಟ್ಟಿದ್ದೇನೆ, ಮೇಜಿನ ಮೇಲೆ ಇಡುತ್ತೇನೆ. ಕೈಗೆ ಕೈ ತಾಗುವುದು ಬೇಡ. ಛೀ, ಎಂಥ ಹೆಂಗಸು ನಾನು. ಇವರ ಮೇಲಿನ ಹೇಸಿಗೆಗಿಂತ ಒಂದು ತೂಕ ಹೆಚ್ಚು ನನ್ನ ಮೇಲೇ.

ತಿರುವನಂತಪುರದ ತುಂಬಾ ಎಂಬಲ್ಲಿರುವ ರಾಕೆಟ್ ಕೇಂದ್ರದ ಲ್ಯಾಬಿನಲ್ಲಿ ಇವರದ್ದು ಬೆಸುಗೆಯ ಬೆಂಚು. ರಾಕೆಟ್ಟಿನೊಳಗೆ ಹೋಗುವ ಬೋರ್ಡುಗಳಿಗೆ ಸೂಜಿಮೊನೆಯಷ್ಟು ಬೆಸುಗೆ ಹಾಕುವ ಕೆಲಸ. ಅದಕ್ಕೆ ಆಗಾಗ ಕೈಯ ಪರೀಕ್ಷೆ ಇರುತ್ತದಂತೆ. ಕಳೆದ ವರ್ಷದ ಪರೀಕ್ಷೆಯಲ್ಲಿ ಎಲ್ಲರೆದುರು ಇವರ ಕೈ ನಡುಗಿತು. ಮಾರನೆಯ ದಿನದಿಂದ ಕಡತದ ಕುರ್ಚಿ. ಇದನ್ನು ನನಗೆ ಹೇಳಿದವರು ಇವರಲ್ಲ, ಇವರ ಕೈಕೆಳಗೆ ಕಲಿತ ಮನೋಜ್. ಇವರು ಹೇಳಿದ್ದು ಒಂದೇ ಮಾತು, “ಸಾಕಾಯ್ತು.”

ಜೂನ್ 21, ಶನಿವಾರ

ಇನ್ನೊಂದು ಹೊಸ ಪೀಡೆ.

ಮಧ್ಯಾಹ್ನ ಭೂತಗನ್ನಡಿ ಹಿಡಿದು ಬಂದು, “ರಾಜೀ, ಈ ಬೆಸುಗೆ ನೋಡಿ ಪಾಸೋ ಫೇಲೋ ಹೇಳು,” ಎಂದರು. ನೀವೇ ನೋಡಿಕೊಳ್ಳಿ ಎಂದೆ. “ಮಾಡಿದೋನು ನೋಡ್ಬಾರ್ದು. ಮಾಡಿದೋನ ಕಣ್ಣಿಗೆ ಸರಿಯಾಗಿರೋದೇ ಕಾಣತ್ತೆ. ನಮ್ಮ ಲ್ಯಾಬಿನ ಕಾನೂನು.”

ಬ್ಯಾಂಕಿನಲ್ಲೂ ಅದೇ. ಎಂಟ್ರಿ ಹಾಕುವವನು ಮೇಕರ್, ಸರಿ ನೋಡಿ ಒತ್ತುವವನು ಚೆಕ್ಕರ್, ಇಬ್ಬರೂ ಒಬ್ಬನೇ ಆಗಬಾರದು. ನಾನು ನೌಕರಿಯೆಲ್ಲ ಚೆಕ್ಕರ್ ಆಗಿಯೇ ಕಳೆದವಳು, ನನ್ನ ಬಾಯಿಂದ ತಪ್ಪಿಸಿಕೊಂಡ ಗುಮಾಸ್ತ ಇಲ್ಲ. ಸರಿ, ಕೊಡಿ ಎಂದೆ. ಬೆಸುಗೆ ಹೊಳೆಯಬೇಕು, ಗುಡ್ಡೆಯಾಗಿರದೆ ಎರಡೂ ಕಡೆಗೆ ಇಳಿಜಾರಾಗಿರಬೇಕು, ಪಕ್ಕದ್ದಕ್ಕೆ ತಾಗಿರಬಾರದು. ಇವರದ್ದು ಮಂಕಾಗಿತ್ತು, ಮೂಗಿನ ಸಿಂಬಳ ಒಣಗಿದ ಹಾಗೆ.

“ಫೇಲ್.”

“ಇನ್ನೊಂದ್ಸಲ ನೋಡು.”

“ನೋಡ್ದೆ ಕಣ್ರೀ. ಫೇಲ್.”

ಮತ್ತೆ ಮಾಡಿದರು. ಮತ್ತೆ ಫೇಲ್. ಸಂಜೆಯವರೆಗೆ ಇದೇ ಆಟ. ಹೇಳುವಾಗೊಂದು ಖುಷಿ ಇತ್ತು, ಸುಳ್ಳೇಕೆ. ಇವರಿಗೆ ಮಾತ್ರ ಸಿಟ್ಟು ಬರಲಿಲ್ಲ, ಪ್ರತಿಸಲ “ಸರಿ” ಎಂದು ತಲೆಯಾಡಿಸಿ ಹೋಗುತ್ತಿದ್ದರು. ಆ ವಿಧೇಯತೆ ನೋಡಿ ವಾಕರಿಕೆ ಬಂತು. ಕಿರುಚಾಡಬಾರದೇ ಒಂದು ಸಲ?

ಜೂನ್ 29, ಭಾನುವಾರ

ಮನೋಜ್ ಫೋನು. ತಿರುವನಂತಪುರದಲ್ಲಿ ಲ್ಯಾಬಿನವರೆಲ್ಲ ಸೇರಿ ಪುಟ್ಟ ವಿಮಾನ ಹಾರಿಸುವ ಕೂಟವಂತೆ, ಆಗಸ್ಟ್ ಮೂರಕ್ಕೆ. ವಿಮಾನ ನಿಲ್ದಾಣ, ರಾಕೆಟ್ ಸಂಸ್ಥೆ ಎರಡೂ ಹತ್ತಿರ ಇರುವುದರಿಂದ ಬಯಲಲ್ಲಿ ಹಾರಿಸುವ ಹಾಗಿಲ್ಲ. ಅದಕ್ಕೆ ಮದುವೆ ಹಾಲ್. ನಮ್ಮ ಆಷಾಢದ ಹಾಗೆ ಕರ್ಕಿಡಕ ಮಾಸದಲ್ಲಿ ಮಲಯಾಳಿಗಳು ಮದುವೆ ಮಾಡುವುದಿಲ್ಲ, ಹಾಲ್‌ಗಳೆಲ್ಲ ಖಾಲಿ ಹೊಡೆಯುತ್ತಿರುತ್ತವೆ, ಒಳಗೆ ಫ್ಯಾನ್ ಆರಿಸಿ ಹಾರಿಸುತ್ತಾರೆ. ಒಂದೇ ನಿಯಮ: ಒಳಗಿನ ಎಲೆಕ್ಟ್ರಾನಿಕ್ಸ್ ಅಂಗಡಿಯದ್ದಲ್ಲದೆ ಕೈಯಾರೆ ಕೂರಿಸಿದ್ದಾಗಿರಬೇಕು.

“ಹಯವದನ ಸಾರ್ ಬರಲೇಬೇಕು ಚೇಚಿ, ಎಲ್ಲರೂ ಕಾಯ್ತಾರೆ,” ಎಂದ, ಅವನ ಇಂಗ್ಲಿಷು ಮಲಯಾಳ ಕಲಸಿ. ಅವನಿಗೆ ನಾನು ಚೇಚಿ, ಅಕ್ಕ.

ಕಾಯುತ್ತಾರೆ, ಯಾಕಿಲ್ಲ. ಕೈಯಿಂದ ಬೆಸುಗೆಯ ಕಾದ ಕಡ್ಡಿ ಕಿತ್ತುಕೊಂಡವರಿಗೆ ಆ ಕೈ ಈಗ ಎಷ್ಟು ನಡುಗುತ್ತದೆ ಎಂದು ನೋಡುವ ಚಪಲ. ಎಲ್ಲರೂ “ಪಾಪ” ಎನ್ನುವ ಮುಖ ಹೊತ್ತು ಸುತ್ತ ನಿಲ್ಲುತ್ತಾರೆ. ಹೋಗುವುದು ಬೇಡ ಎಂದೆ. ಇವರು, “ಹೋಗ್ಬೇಕು ರಾಜೀ. ಅಲ್ಲಿಂದ ಹೇಳದೆ ಕೇಳದೆ ಎದ್ದು ಬಂದೆ. ಒಂದ್ಸಲ ಅವರ ಮುಂದೆ ನಂದೊಂದು ಹಾರ್ಬೇಕು,” ಎಂದರು. ಇವರು ಏನನ್ನಾದರೂ ಬೇಕು ಎಂದು ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಎದ್ದು ಹೋಗಿ ಪಾತ್ರೆ ತೊಳೆದೆ.

ಜುಲೈ 6, ಭಾನುವಾರ

ಫ್ಲಾಟಿನ ಅಸೋಸಿಯೇಷನ್ ಹಾಲಿನಲ್ಲಿ ಮೊದಲ ಹಾರಾಟ. ನಾಚಿಕೆಗೇಡು.

ಇವರು ಹಾಲಿನ ಆಚೆ ತುದಿಯಲ್ಲಿ ನಿಂತು ರಿಮೋಟಿನ ಕಡ್ಡಿಯ ಮೇಲೆ ಹೆಬ್ಬೆರಳಿಟ್ಟರು. ನನ್ನ ಮುಂದೆ ಮೇಜಿನ ಮೇಲಿದ್ದ ವಿಮಾನದ ಬಾಲ ಆ ಕಡೆ ಈ ಕಡೆ ಪಟಪಟ ಬಡಿದುಕೊಂಡಿತು. ಹಲ್ಲಿಯ ಬಾಲ ಕಿತ್ತು ಬಿದ್ದ ಮೇಲೆ ಕುಣಿಯುತ್ತದಲ್ಲ, ಹಾಗೆ. ಕೈಯ ನಡುಕ ತಂತಿಯೇ ಇಲ್ಲದೆ ಅಷ್ಟು ದೂರ ಬಂದು ಅದರ ಬಾಲ ಹೊಕ್ಕಿದೆ! ಮೇಜಿನಿಂದ ಹಿಂದೆ ಸರಿದು ನಿಂತೆ.

ಹಾರಿದ್ದು ಗೋಡೆಯವರೆಗೆ. ಓಲಾಡಿ ಓಲಾಡಿ ಟ್ಯೂಬ್‌ಲೈಟಿಗೆ ಬಡಿದು ಬಿತ್ತು. ಕಾರ್ಯದರ್ಶಿ ಬಂದು ಇನ್ನು ಹಾಲಿಗೆ ಬೀಗ ಎಂದ.

ಮನೆಗೆ ಬಂದು ರಿಮೋಟಿನ ಜೊತೆ ಬಂದಿದ್ದ ಪುಸ್ತಿಕೆ ಓದಿದೆ, ಇವರ ಮೇಲಿನ ಸಿಟ್ಟಿಗೆ. ಕಡ್ಡಿ ಸಣ್ಣಗೆ ಅಲುಗಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅದಕ್ಕೆ ಹೇಳಿಡಬಹುದು. ಹಾಗೆ ಮಾಡಿದರೆ ನಡುಕ ವಿಮಾನಕ್ಕೆ ಮುಟ್ಟುವುದೇ ಇಲ್ಲ. ತೋರಿಸಿದೆ.

“ಗೊತ್ತು. ಬೇಡ.”

“ಯಾಕ್ರೀ ಬೇಡ? ಯಾರಿಗೂ ಗೊತ್ತಾಗಲ್ಲ.”

“ಅದಕ್ಕೇ ಬೇಡ. ಗಾಳಿಗೆ ಓಲಾಡದಿರೋಕೆ ಜೈರೋ ಅಂತ ಒಂದು ಬೋರ್ಡ್ ಹಾಕ್ತೀನಿ. ಕೈ ಇರೋ ಹಾಗೇ ಇರ್ಲಿ.”

ಹಟ. ಕೊಳಕು ಹಟ.

ಜುಲೈ 12, ಶನಿವಾರ

ಆ ಜೈರೋ ಬೋರ್ಡು ಕಿರುಬೆರಳಿನ ಉಗುರಿನಷ್ಟಿದೆ. ಅದರ ಅಂಚಿಗೆ ಕೂದಲೆಳೆಯಂಥ ಆರು ತಂತಿಗಳನ್ನು ಬೆಸೆಯಬೇಕು. ಬೆಳಗ್ಗೆಯಿಂದ ಇವರು ಬೆಸೆಯುತ್ತಲೇ ಇದ್ದರು, ತಂತಿ ಜಾರುತ್ತಲೇ ಇತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಅದುಮಿ ಹಿಡಿದುಕೊಂಡು ಮಾಡಿದರು. ಮೇಜಿಗೆ ಕಟ್ಟಿಕೊಂಡು ಮಾಡಿದರು. ಬೆವರು ಬೋರ್ಡಿನ ಮೇಲೆ ತೊಟ್ಟಿಕ್ಕಿತು. ಬೆರಳು ಸುಟ್ಟಿತು. ನೋಡಲಾಗದೆ, ನಿಜವಾಗಿ ಅಸಹ್ಯ ತಾಳಲಾಗದೆ, ಕೈಯಿಂದ ಕಿತ್ತುಕೊಂಡೆ.

“ಕೊಡಿ ಇಲ್ಲಿ. ಹೇಗೇಂತ ಹೇಳಿ.”

ಹೇಳಿದರು. ಮೊದಲು ಜಾಗ ಕಾಯಿಸು, ಆಮೇಲೆ ಸೀಸ ತಾಗಿಸು, ಉಸಿರು ಬಿಡುವಾಗ ಮುಟ್ಟು, ಬಿಟ್ಟಾದ ಮೇಲೆ ಎತ್ತು. ನಾನು ಮಾಡಿದೆ. ಹೆಮ್ಮೆಯಿಂದ ಮುಂದೆ ಹಿಡಿದೆ.

“ಫೇಲ್.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಏನಾಗಿದೆ ಇದಕ್ಕೆ?”

“ತಣ್ಣನೆ ಬೆಸುಗೆ. ಮೇಲೆ ಮಾತ್ರ ಕೂತಿದೆ, ಒಳಗೆ ಹಿಡಿದಿಲ್ಲ. ಈಗ ನೀನು ಮೇಕರ್ರು, ನಾನು ಚೆಕ್ಕರ್ರು. ತೆಗ್ದು ಮಾಡು.”

ಬೆಸುಗೆ ಕಡ್ಡಿ ಎಸೆದು ಬಚ್ಚಲಿಗೆ ಹೋಗಿ ಕೈ ತೊಳೆದೆ, ಎರಡು ಸಲ ಸೋಪು ಹಾಕಿ. ಸುಟ್ಟ ರಾಳದ ವಾಸನೆ ಹೋಗಲಿಲ್ಲ. ವಾಪಸು ಬಂದು ಮಾಡಿದೆ, ಏಕೆಂದರೆ ಫೇಲ್ ಎನ್ನಿಸಿಕೊಂಡು ಇರುವ ಅಭ್ಯಾಸ ನನಗಿಲ್ಲ.

ಜುಲೈ 18, ಶುಕ್ರವಾರ

ಬ್ಯಾಂಕ್ ಬಿಟ್ಟ ಮೇಲೆ ಪಳ್ಳಿಮುಕ್ಕಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿದ್ದೆ, ಮಳೆಯಲ್ಲಿ, ಸೀರೆ ಮೊಣಕಾಲುದ್ದ ಎತ್ತಿಕೊಂಡು. ಮನೆಯಲ್ಲಿರುವ ಬೆಸುಗೆ ಕಡ್ಡಿಯ ತುದಿ ದಪ್ಪ, ಆ ಕೆಲಸಕ್ಕೆ ನಾಲಾಯಕ್ಕು. ಅಂಗಡಿಯವನು ಕೊಟ್ಟದ್ದು ಚಪ್ಪಟೆ ತುದಿ. ನಾನು ಕೇಳಿದ್ದು ಬಾಗಿದ ಸಣ್ಣ ತುದಿ. “ಗಂಡಸರನ್ನ ಕಳಿಸಿ ಚೇಚಿ, ಅವರಿಗೆ ಗೊತ್ತಿರತ್ತೆ,” ಎಂದು ಹಲ್ಲು ಕಿರಿದ. ಥೂ. ಅವನ ಗಾಜಿನ ಪೆಟ್ಟಿಗೆಯಲ್ಲೇ ಬೇಕಾದದ್ದು ಇತ್ತು, ಬೆರಳಿಟ್ಟು ತೋರಿಸಿ ತೆಗೆಸಿದೆ.

ಪಕ್ಕದ ಫ್ಲಾಟಿನ ನಿರ್ಮಲ ಚೇಚಿ ಕರ್ಕಿಡಕದ ಔಷಧಿ ಗಂಜಿ ತಂದುಕೊಟ್ಟಿದ್ದರು. ಕಹಿ, ಲೋಳೆ, ಮಣ್ಣಿನ ವಾಸನೆ. ನರಕ್ಕೆ ಒಳ್ಳೆಯದಂತೆ. ಇವರಿಗೆ ಕುಡಿಸಿದೆ. ಒಬ್ಬರೇ ಕುಡಿಯುವುದಿಲ್ಲ ಎಂದರು, ನಾನೂ ಕುಡಿಯಬೇಕಾಯಿತು.

ಜುಲೈ 26, ಶನಿವಾರ

ಆರೂ ಬೆಸುಗೆ ಪಾಸ್. ಚೆಕ್ಕರ್ ಸಾಹೇಬರು ಕೊನೆಗೂ ಒಪ್ಪಿದರು.

ಬೋರ್ಡನ್ನು ಒಳಗೆ ಅಂಟಿಸುವುದು ಅಷ್ಟು ಸೂಕ್ಷ್ಮದ ಕೆಲಸವಲ್ಲ, ಅದನ್ನು ಇವರೇ ಮಾಡಿದರು. ಹಾಗಾಗಿ ಪರೀಕ್ಷೆ ನನ್ನದು. ವಿಮಾನದ ಮೂತಿ ಬಲಕ್ಕೆ ತಿರುಗಿದರೆ ಬಾಲದ ಪಟ್ಟಿ ತಾನಾಗಿ ಎಡಕ್ಕೆ ಹೊರಳಿ ಅದನ್ನು ತಡೆಯಬೇಕು, ಜೈರೋ ಮಾಡುವುದು ಅಷ್ಟೇ. ತಪ್ಪು ದಿಕ್ಕಿಗೆ ಹೊರಳಿದರೆ ತಿದ್ದಲು ಹೋದಷ್ಟೂ ಕೆಡುತ್ತದೆ. ಇವರು ಮೇಜಿನ ಆಚೆ ವಿಮಾನ ಹಿಡಿದು, ಕಾನೂನಿನಂತೆ ಮುಖ ಫ್ರಿಜ್ಜಿನ ಕಡೆಗೆ ತಿರುಗಿಸಿಕೊಂಡರು. ನಾನು ಈಚೆ ಕುಳಿತು ನೋಡಿದೆ. ಬಲಕ್ಕೆ ತಿರುಗಿಸಿದೆ ಎಂದರು. ಪಟ್ಟಿ ಎಡಕ್ಕೆ ಹೊರಳಿತು.

“ಪಾಸ್,” ಎಂದೆ.

ಹಾರಿಸಿ ನೋಡಲು ಹಾಲಿಗೆ ಬೀಗ. ಆ ಕಾರ್ಯದರ್ಶಿಯ ಮುಖ ನೆನೆದರೆ ಮೈ ಉರಿಯುತ್ತದೆ.

ಆಗಸ್ಟ್ 2, ಶನಿವಾರ, ತಿರುವನಂತಪುರ

ರೈಲಿನಲ್ಲಿ ಕಕ್ಕಸಿನ ಬಾಗಿಲ ಪಕ್ಕದ ಸೀಟು. ವಿಮಾನವನ್ನು ನನ್ನ ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡಿದ್ದೆ.

ಎದುರಿನವನೊಬ್ಬ ಇವರು ಚಹಾ ಕುಡಿಯುವುದನ್ನೇ ನೋಡುತ್ತಿದ್ದ. ಕಪ್ಪು ತುಳುಕಿದಾಗಲೆಲ್ಲ ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಎಂಥ ಹೊಲಸು ಮನುಷ್ಯ! ಚಹಾ ತಾನೇ, ಆಸಿಡ್ಡೇ? ದಿಟ್ಟಿಸಿ ನೋಡಿದೆ, ಅವನು ಕಿಟಕಿಯ ಕಡೆ ತಿರುಗುವವರೆಗೆ.

ಮೇಧಾಳ ರೂಮಿನಲ್ಲಿ ಇಳಿದುಕೊಂಡಿದ್ದೇವೆ. ಮಗಳು ಇಲ್ಲೇ ಓದಿ ಇಲ್ಲೇ ಕೆಲಸ ಹಿಡಿದವಳು, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ. ಊಟಕ್ಕೆ ಕುಳಿತಾಗ ಇವರ ಅಂಗಿಗೆ ಟವಲು ಸಿಕ್ಕಿಸಿ, ನಾಳೆ ಏನು ಮಾಡಬೇಕು, ಏನು ಮಾಡಬಾರದು, ಯಾರ ಮುಂದೆ ಕೈ ಹೇಗೆ ಇಟ್ಟುಕೊಳ್ಳಬೇಕು ಎಂದು ಹೇಳುತ್ತಿದ್ದೆ.

“ಅಮ್ಮಾ, ಒನ್ನು ಮಿಂಡಾದಿರಿಕ್ಕ್,” ಎಂದಳು. ಸ್ವಲ್ಪ ಬಾಯಿ ಮುಚ್ಚಿಕೊಂಡಿರು ಅಂತ. ಹೆತ್ತವಳಿಗೆ!

ಆಗಸ್ಟ್ 3, ಭಾನುವಾರ, ತಿರುವನಂತಪುರ

ಮೊದಲು ಆ ಹಾಲಿನ ನಾತ ಬರೆಯಬೇಕು. ಯಾವ ಕಾಲದ್ದೋ ಮದುವೆಯ ಸಾಂಬಾರು, ಕೊಳೆತ ಮಲ್ಲಿಗೆ, ಒದ್ದೆ ಜಮಖಾನ. ವೇದಿಕೆಯ ಮೇಲೆ ಬಣ್ಣಗೆಟ್ಟ ಎರಡು ಸಿಂಹಾಸನ. ಅದರ ಕೆಳಗೆ ಮೇಜು ಹಾಕಿಕೊಂಡು ಮಧ್ಯವಯಸ್ಸಿನ ಗಂಡಸರು ತಮ್ಮ ತಮ್ಮ ಆಟಿಕೆ ಬಿಚ್ಚಿ ಕುಳಿತಿದ್ದರು. ಇವರು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಎಲ್ಲರ ಕಣ್ಣೂ ಮೊದಲು ಮುಖಕ್ಕೆ, ಆಮೇಲೆ ಬಲಗೈಗೆ. ನಾನು ಹೇಳಿರಲಿಲ್ಲವೇ!

ಹಾರಿಸುವ ಮುಂಚೆ ಇನ್ನೊಬ್ಬರು ಪರೀಕ್ಷಿಸಬೇಕು, ಅಲ್ಲೂ ಅದೇ ಕಾನೂನು. ಮನೋಜ್ ವಿಮಾನದ ಬಾಲವನ್ನು ತನ್ನ ಕಡೆಗಿಟ್ಟು ಹಿಡಿದು ಮೂತಿಯನ್ನು ಬಲಕ್ಕೆ ತಿರುಗಿಸಿದ. ಮುಖ ಸಣ್ಣದು ಮಾಡಿದ. ಮತ್ತೆ ತಿರುಗಿಸಿದ.

“ಸಾರ್, ಜೈರೋ ಉಲ್ಟಾ ಇದೆ. ಬಲಕ್ಕೆ ತಿರುಗಿಸಿದ್ರೆ ಬಾಲಾನೂ ಬಲಕ್ಕೇ ಹೋಗ್ತಿದೆ.”

ಎಲ್ಲರ ಕಣ್ಣೂ ಮತ್ತೆ ಇವರ ಕೈಗೆ. ಆಮೇಲೆ ಎಲ್ಲರೂ ಒಟ್ಟಿಗೆ ಒಳ್ಳೆಯವರಾದರು. “ಸಾರಮಿಲ್ಲ ಸಾರ್, ಸಾರಮಿಲ್ಲ.” ಪರವಾಗಿಲ್ಲವಂತೆ. ಒಬ್ಬ ಕುರ್ಚಿ ಎಳೆದ, ಒಬ್ಬ ನೀರು ತಂದ. ಇವರು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಜೇಬು ನಡುಗುತ್ತಿತ್ತು.

ಆಗ ಹೊಳೆಯಿತು ನನಗೆ. ಮನೋಜ್ ನಿಂತದ್ದು ಬಾಲದ ಕಡೆ. ನಾನು ಅವತ್ತು ಮೂತಿಯ ಎದುರಿಗೆ ಕುಳಿತು ನೋಡಿದ್ದೆ, ಕೌಂಟರಿನಾಚೆಯವನನ್ನು ನೋಡುವ ಹಾಗೆ. ನನ್ನ ಎಡ ಅದರ ಬಲ. ಎದುರಿಗೆ ಕುಳಿತು ಪಾಸ್ ಒತ್ತಿ ಒತ್ತಿ ಅಭ್ಯಾಸವಾದ ಬ್ಯಾಂಕಿನವಳು ಬೇರೆಲ್ಲಿ ಕೂರುತ್ತಾಳೆ!

“ತಪ್ಪು ಅವರ್ದಲ್ಲ,” ಎಂದೆ, ಗಟ್ಟಿಯಾಗಿಯೇ. “ಚೆಕ್ ಮಾಡಿದ್ದು ನಾನು. ಎದುರುಗಡೆ ಕೂತು ನೋಡ್ದೆ.” ಅವರಿಗೆ ತಿಳಿಯಲಿ ಎಂದು ಇಂಗ್ಲಿಷಿನಲ್ಲೂ ಹೇಳಿದೆ.

ಯಾರೂ ನಂಬಲಿಲ್ಲ. ಹೆಂಡತಿ ಗಂಡನ ಮಾನ ಕಾಪಾಡುತ್ತಿದ್ದಾಳೆ ಎಂಬ ಮೆದು ನಗೆ ಎಲ್ಲರ ಮುಖದಲ್ಲೂ. ಅಷ್ಟು ಹೇಸಿಗೆಯ ನಗೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ. ಇವರೊಬ್ಬರು ಮಾತ್ರ ನನ್ನ ಕಡೆ ತಿರುಗಿದರು.

“ಎದುರುಗಡೆ ಕೂತಿದ್ಯಾ?”

“ಹೂಂ.”

ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. “ಕೌಂಟರ್! ಕೌಂಟರಲ್ಲಿ ಕೂತ ಹಾಗೆ ಕೂತಿದಾಳೆ!” ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದರು.

ಬೋರ್ಡನ್ನು ಮಗುಚಿ ಕೂರಿಸಬೇಕು, ತಂತಿ ಗಿಡ್ಡ, ಬಿಚ್ಚಿ ಮತ್ತೆ ಬೆಸೆಯಬೇಕು. “ಕೊಡಿ ಸಾರ್, ನಾನು ಮಾಡ್ತೀನಿ,” ಎಂದು ಮನೋಜ್ ಕೈ ಚಾಚಿದ. ನಾನು ಚೀಲದಿಂದ ನನ್ನ ಬಾಗಿದ ತುದಿಯ ಕಡ್ಡಿ ತೆಗೆದು ಅವನನ್ನು ಪಕ್ಕಕ್ಕೆ ಸರಿಸಿ ಕುಳಿತೆ. ರಾಕೆಟ್ಟಿಗೆ ಬೆಸುಗೆ ಹಾಕುವವರೆಲ್ಲ ತಲೆಯ ಮೇಲೆ ಬಗ್ಗಿ ನಿಂತಿದ್ದಾರೆ, ಒಬ್ಬನ ಬಾಯಿಂದ ಮೀನಿನ ವಾಸನೆ. ಉಸಿರು ಬಿಡುವಾಗ ಮುಟ್ಟಿದೆ, ಬಿಟ್ಟಾದ ಮೇಲೆ ಎತ್ತಿದೆ. ಆರೂ ಮುಗಿಸಿ ಇವರ ಮುಂದೆ ಹಿಡಿದೆ.

ಭೂತಗನ್ನಡಿ ಇವರ ಕೈಯಲ್ಲಿ ನಿಲ್ಲಲಿಲ್ಲ. ನಾನೇ ಹಿಡಿದೆ. ಇವರು ಬಗ್ಗಿ ನಿಧಾನವಾಗಿ ಒಂದೊಂದನ್ನೇ ನೋಡಿದರು.

“ಮೂರನೇದು ಫೇಲ್.”

“ಸಾರ್, ಸಾಕು ಸಾರ್, ಆಟಿಕೆ ತಾನೇ,” ಎಂದ ಮನೋಜ್.

“ಮನೋಜ್,” ಎಂದರು ಇವರು. ಆ ದನಿ ನಾನು ಕೇಳಿರಲಿಲ್ಲ, ಶನಿವಾರ ಮನೆಗೆ ಬರುತ್ತಿದ್ದವನದ್ದಲ್ಲ ಅದು. “ಫೇಲ್ ಅಂದ್ರೆ ಫೇಲ್.”

ಮನೋಜ್ ಬಗ್ಗಿ ನೋಡಿದ, ತಲೆಯಾಡಿಸಿದ, “ಯೆಸ್ ಸಾರ್” ಎಂದು ಹಿಂದೆ ಸರಿದು ನಿಂತ. ಅವನ ಪಕ್ಕ ನಿಂತಿದ್ದವರೂ ನೆಟ್ಟಗಾದರು. ನೀರು ತಂದವನು ಲೋಟವನ್ನು ಕೆಳಗಿಟ್ಟ. ನಾನು ಮೂರನೆಯದನ್ನು ಬಿಚ್ಚಿ ಮತ್ತೆ ಮಾಡಿದೆ. ಪಾಸ್. ಈ ಸಲ ಬಾಲದ ಕಡೆ ನಿಂತು ದಿಕ್ಕನ್ನೂ ನೋಡಿದೆ.

ಫ್ಯಾನ್ ಆರಿಸಿದರು. ಇವರು ಎಲ್ಲರೆದುರು ರಿಮೋಟು ಕೈಗೆತ್ತಿಕೊಂಡರು. ವಿಮಾನ ಮೇಲೆದ್ದಿತು. ಅದು ನಡುಗಿಕೊಂಡೇ ಹಾರಿತು, ಮುಚ್ಚಿಡುವ ಮಾತೇ ಇಲ್ಲ. ಬಾಲ ಪಟಪಟ ಅನ್ನುತ್ತಿತ್ತು, ರೆಕ್ಕೆ ಅದುರುತ್ತಿತ್ತು. ಆದರೆ ಬೀಳಲಿಲ್ಲ. ಸಿಂಹಾಸನಗಳ ಮೇಲಿಂದ ಹೋಗಿ, ಬಾಗಿಲ ತೋರಣ ಸುತ್ತಿ, ಹಾಲಿನ ಉದ್ದಕ್ಕೆ ವಾಪಸು ಬಂತು. ಯಾರೂ ಪಾಪ ಅನ್ನುವ ಮುಖದಲ್ಲಿರಲಿಲ್ಲ. ಹಾರುವುದನ್ನು ನೋಡುತ್ತಿದ್ದರು, ಅಷ್ಟೆ.

ಇಷ್ಟು ಹಗುರದ್ದನ್ನು ನೆಲಕ್ಕಿಳಿಸಿದರೆ ಮೂತಿ ಮುರಿಯುತ್ತದೆ, ಯಾರಾದರೂ ಕೈಯಲ್ಲಿ ಹಿಡಿಯಬೇಕು. “ರಾಜೀ, ಕೈ ಒಡ್ಡು,” ಎಂದು ಕೂಗಿದರು. ಬೆವರಿ, ರಾಳ ಮೆತ್ತಿ, ಕಪ್ಪಾಗಿದ್ದ ಕೈ. ತೊಳೆದುಕೊಳ್ಳಲು ಪುರುಸೊತ್ತು ಎಲ್ಲಿ. ಒಡ್ಡಿದೆ. ವಿಮಾನ ಅದುರುತ್ತಾ ನನ್ನ ಕಡೆಗೇ ಬಂತು, ಕೈ ಅಲುಗಿಸಲಿಲ್ಲ. ಅಂಗೈ ಮೇಲೆ ಬಂದು ಕುಳಿತಿತು.

ಮೋಟಾರು ನಿಂತಿತು. ಬಾಲ ಮಾತ್ರ ನನ್ನ ಬೆರಳುಗಳ ನಡುವೆ ಇನ್ನೂ ನಡುಗುತ್ತಿತ್ತು. ಹಾಲಿನ ಆ ತುದಿಯಲ್ಲಿ ಇವರ ಹೆಬ್ಬೆರಳು ಇನ್ನೂ ರಿಮೋಟಿನ ಕಡ್ಡಿಯ ಮೇಲಿತ್ತು. ಬ್ಯಾಟರಿ ಕಳಚಿದರೆ ನಿಲ್ಲುತ್ತದೆ, ಇಳಿದ ಕೂಡಲೇ ಕಳಚಬೇಕೆಂದು ಹೇಳಿಯೂ ಇದ್ದರು.

ಸ್ವಲ್ಪ ಹೊತ್ತು ಕಳಚಲಿಲ್ಲ.